ಕಾಡಿಗೆಯ ಕಪ್ಪು, ಚಿನ್ನದ ಕೆಂಪು

ವಿಜ್ಞಾನದ ಮಾತು ಬಂದಾಗ ಕನ್ನಡ ಅಧ್ಯಾಪಕನಾದವನು ಸುಮ್ಮನೆ ಕುಳಿತು ಕೇಳುವುದೇ ಲೇಸೆಂಬ ಅಭಿಪ್ರಾಯ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಬಹುಕಾಲದಿಂದ ಬೇರೂರಿದೆ. ನಾನೂ ಆ ಸಂಪ್ರದಾಯವನ್ನು ಮುರಿಯದೆ ನಡೆಸಿಕೊಂಡು ಬಂದವನೇ. ಆದರೆ ಕಳೆದ ತಿಂಗಳು ಒಂದು ಮಧ್ಯಾಹ್ನ ಭೌತವಿಜ್ಞಾನದ ನನ್ನ ಮಿತ್ರರೊಬ್ಬರು, ಬರಲಿರುವ ವಿಚಾರಸಂಕಿರಣದ ವಿಷಯಗಳಲ್ಲಿ ಒಂದಾಗಿ ‘ನ್ಯಾನೊ ತಂತ್ರಜ್ಞಾನ ಮತ್ತು ಕಲೆ’ ಎಂಬುದನ್ನು ಬರೆದುಕೊಂಡು, ನನ್ನ ಕಡೆಗೆ ತಿರುಗಿ, “ಮೇಷ್ಟ್ರೇ, ಇದರಲ್ಲಿ ಕಲೆಯ ಪಾಲು ನಿಮ್ಮದು” ಎಂದರು. ನಾನು ನಕ್ಕುಬಿಟ್ಟೆ. “ಓಲೆಗರಿಯ ಕಾಲದವನು ಸ್ವಾಮಿ ನಾನು. ಕಣ್ಣಿಗೇ ಕಾಣದ ವಸ್ತುವಿನ ಗೊಡವೆ ನನಗೇಕೆ?” ಎಂದೆ. ಅವರು ನಗಲಿಲ್ಲ. “ಓಲೆಗರಿಯ ಅಕ್ಷರಕ್ಕೆ ಏನು ಹಚ್ಚುತ್ತಿದ್ದರು?” ಎಂದು ಕೇಳಿದರು. “ಕಾಡಿಗೆ” ಎಂದೆ. “ಹಾಗಾದರೆ ನ್ಯಾನೊ ಕಣಗಳನ್ನು ನೀವು ಹುಟ್ಟಿದಾಗಿನಿಂದ ಕಣ್ಣಿಗೆ ಹಚ್ಚಿಸಿಕೊಂಡೇ ಬೆಳೆದಿದ್ದೀರಿ” ಎಂದವರೇ ಗಂಟೆ ಬಾರಿಸಿದ್ದರಿಂದ ತರಗತಿಗೆ ಹೊರಟುಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಅಂದಿನಿಂದ ಗ್ರಂಥಾಲಯದಲ್ಲಿ ನನಗೆ ಪರಿಚಯವಿಲ್ಲದ ಬೀರುಗಳ ಕಡೆಗೂ ಹೋಗತೊಡಗಿದೆ. ಅರ್ಥವಾಗದ ಕಡೆ ಮಿತ್ರರನ್ನು ಕಾಡಿ ಕೇಳಿದೆ. ಹಾಗೆ ಓದಿ ಕೇಳಿ ತಿಳಿದುದನ್ನು ನನ್ನಂಥ ಸಾಹಿತ್ಯದ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಇದರ ಹಿಂದೆ ನನ್ನದೇ ಆದ ಒಂದು ಹಳೆಯ ತಪ್ಪಿನ ನೆನಪೂ ಇದೆ. ಅದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಅಜ್ಜಿಯ ದೀಪ

ನನ್ನ ಬಾಲ್ಯದಲ್ಲಿ ಅಜ್ಜಿ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದಳು. ಮುಸ್ಸಂಜೆಯ ಕೆಲಸಗಳೆಲ್ಲ ಮುಗಿದ ಮೇಲೆ ಅಡುಗೆಮನೆಯ ಗಾಳಿಯಾಡದ ಮೂಲೆಯಲ್ಲಿ ಹರಳೆಣ್ಣೆಯ ಹಣತೆ ಹಚ್ಚಿ, ಅದರ ಎರಡು ಮಗ್ಗುಲಿಗೂ ಇಟ್ಟಿಗೆಯಿಟ್ಟು, ಮೇಲೆ ಹಿತ್ತಾಳೆಯ ತಟ್ಟೆಯೊಂದನ್ನು ಕವುಚಿ ಹಾಕುತ್ತಿದ್ದಳು. ಬೆಳಗಾಗುವಷ್ಟರಲ್ಲಿ ತಟ್ಟೆಯ ತಳಕ್ಕೆ ಮಖಮಲ್ಲಿನಂಥ ಕಪ್ಪು ಹಿಡಿದಿರುತ್ತಿತ್ತು. ನಾವು ಮಕ್ಕಳು ಬಗ್ಗಿ ನೋಡಿದರೆ, “ಊದಬೇಡವೋ ಮಗು, ಉಸಿರು ತಾಗಿದರೂ ಹಾರಿಹೋದೀತು” ಎನ್ನುವಳು. ಅದನ್ನು ಮೆಲ್ಲನೆ ಕೆರೆದು ಒಂದು ತೊಟ್ಟು ತುಪ್ಪದಲ್ಲಿ ಮಿದಿದು ಡಬ್ಬಿಗೆ ತುಂಬಿದರೆ ಮನೆಯ ಮಕ್ಕಳ ಕಣ್ಣಿಗೂ, ದೃಷ್ಟಿಬೊಟ್ಟಿಗೂ ತಿಂಗಳುಗಟ್ಟಲೆ ಸಾಕಾಗುತ್ತಿತ್ತು.

ಅದೇ ಮನೆಯ ಅಟ್ಟದ ಮೇಲೆ ಓಲೆಗರಿಯ ಒಂದು ಕಟ್ಟು ಇದ್ದಿತು. ಕುಮಾರವ್ಯಾಸನ ವಿರಾಟಪರ್ವದ ಪ್ರತಿ. ನನ್ನ ಮುತ್ತಜ್ಜನ ಕೈಬರಹವೆಂದು ಹೇಳುತ್ತಿದ್ದರು. ಮಳೆ ಹಿಂದೆಗೆದ ವರ್ಷ ಊರಿನ ದೇವಸ್ಥಾನದಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ನಮ್ಮ ಕಡೆಯ ಹಲವು ಹಳ್ಳಿಗಳಲ್ಲಿ ಇದ್ದುದನ್ನು ಓದುಗರು ಬಲ್ಲರು. ಆ ಕಟ್ಟನ್ನು ಅದಕ್ಕಾಗಿಯೇ ಇಳಿಸುತ್ತಿದ್ದರಂತೆ. ನಾನು ಎಂ.ಎ. ಓದುತ್ತಿದ್ದ ಕಾಲದಲ್ಲಿ, ಹಸ್ತಪ್ರತಿಶಾಸ್ತ್ರದ ನಾಲ್ಕು ಪಾಠ ಕೇಳಿದ ಹುಮ್ಮಸ್ಸಿನಲ್ಲಿ, ಬೇಸಗೆಯ ರಜೆಗೆ ಊರಿಗೆ ಹೋದವನು ಆ ಕಟ್ಟನ್ನು ಇಳಿಸಿ ಬಿಚ್ಚಿದೆ. ಗರಿಗಳು ಗಟ್ಟಿಯಾಗಿಯೇ ಇದ್ದವು. ಆದರೆ ಅಕ್ಷರದ ಕಪ್ಪು ಸವೆದುಹೋಗಿ, ಕೊರೆದ ಗೀರುಗಳು ಮಾತ್ರ ಉಳಿದಿದ್ದವು. ಬೆಳಕಿಗೆ ಓರೆಯಾಗಿ ಹಿಡಿದರಷ್ಟೇ ಓದಲು ಬರುತ್ತಿತ್ತು.

ಯಾರನ್ನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಶಾಯಿಯ ಸೀಸೆ ತೆಗೆದು ಹತ್ತಿಯಿಂದ ಮೂರು ಗರಿಗಳಿಗೆ ಕಪ್ಪು ಶಾಯಿ ಸವರಿದೆ. ಶಾಯಿ ಗೀರಿನಲ್ಲಿ ನಿಲ್ಲುವ ಬದಲು ಗರಿಯ ಮೈಯೆಲ್ಲ ಹರಡಿಕೊಂಡಿತು, ಒರೆಸಿದಷ್ಟೂ ಕಲೆಯಾಯಿತು. ನೀರು ಕುಡಿದ ಗರಿಗಳು ಒಣಗುವಾಗ ಸೊಟ್ಟಗಾಗಿ ನಾರಿನ ಉದ್ದಕ್ಕೆ ಸೀಳಿದವು. ಅಜ್ಜಿ ಬಂದು ನೋಡಿ ಬೈಯಲಿಲ್ಲ. “ಅಕ್ಷರ ಬೆಳಗಬೇಕಾದರೆ ಕಾಡಿಗೆ ಬೇಕಪ್ಪ, ಈ ನೀರುಮಸಿ ಅಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು. ಓದು ಬಾರದ ಅಜ್ಜಿಗೆ ತಿಳಿದಿದ್ದುದು ಎಂ.ಎ. ತರಗತಿಯ ಮೊಮ್ಮಗನಿಗೆ ತಿಳಿದಿರಲಿಲ್ಲ. ಅದು ಏಕೆ ಹಾಗೆ ಎಂಬುದು ನನಗೆ ಗೊತ್ತಾದುದು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲದ ಅನಂತರ, ಈಗ.

ಕುಳ್ಳನ ಪ್ರಪಂಚ

‘ನ್ಯಾನೊ’ ಎಂಬುದು ಗ್ರೀಕ್ ಭಾಷೆಯಲ್ಲಿ ಕುಳ್ಳನೆಂಬ ಅರ್ಥದ ಶಬ್ದದಿಂದ ಬಂದುದು. ವಾಮನನ ಕಥೆ ಬಲ್ಲ ನಮಗೆ ಕುಳ್ಳನನ್ನು ಹಗುರವಾಗಿ ಎಣಿಸಬಾರದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಮೀಟರ್. ತಲೆಗೂದಲೊಂದರ ದಪ್ಪ ಸುಮಾರು 80,000ದಿಂದ 1,00,000 ನ್ಯಾನೊಮೀಟರ್. ನಮ್ಮ ಬೆರಳಿನ ಉಗುರು ಒಂದು ಸೆಕೆಂಡಿಗೆ ಹೆಚ್ಚುಕಡಮೆ ಒಂದು ನ್ಯಾನೊಮೀಟರಿನಷ್ಟು ಬೆಳೆಯುತ್ತದೆ. ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಓದುಗರ ಉಗುರು ಆ ಲೆಕ್ಕದಲ್ಲಿ ನಾಲ್ಕಾರು ಮೆಟ್ಟಿಲು ಏರಿರುತ್ತದೆ. ಸಾಮಾನ್ಯವಾಗಿ ಒಂದರಿಂದ ನೂರು ನ್ಯಾನೊಮೀಟರಿನ ಒಳಗಿನ ವಸ್ತುಗಳನ್ನು ಅರಿಯುವುದೂ, ಬೇಕಾದಂತೆ ರೂಪಿಸುವುದೂ ಈ ಶಾಸ್ತ್ರದ ಕೆಲಸ.

ಎಣ್ಣೆಯ ದೀಪದಿಂದ ಏಳುವ ಮಸಿ ಇಂಗಾಲದ ಇಂಥ ಕಣಗಳ ರಾಶಿ. ಒಂದೊಂದು ಕಣವೂ ಕೆಲವು ಹತ್ತು ನ್ಯಾನೊಮೀಟರ್‌ಗಳಷ್ಟು. ಅವು ಒಂದಕ್ಕೊಂದು ಅಂಟಿ ದ್ರಾಕ್ಷಿಯ ಗೊಂಚಲಿನಂತೆ, ಸರಪಣಿಯಂತೆ ಕೂಡಿರುತ್ತವೆ. ಕೂದಲಿನಷ್ಟು ಅಗಲದ ಗೀರಿಗೆ ಅಡ್ಡಲಾಗಿ ಅಂಥ ಕಣಗಳನ್ನು ಸಾಲು ನಿಲ್ಲಿಸಿದರೆ ಸಾವಿರಕ್ಕೂ ಮೀರಿ ನಿಂತಾವು. ಆದುದರಿಂದಲೇ ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಗರಿಯ ಮೇಲೆ ತಿಕ್ಕಿ ಒರೆಸಿದಾಗ ನುಣುಪಾದ ಮೈಯಿಂದ ಅದು ಹೊರಟುಹೋಗಿ, ಕೊರೆದ ಜಾಗದ ಹರಿದ ನಾರಿನ ಸಂದುಗೊಂದಿನಲ್ಲೆಲ್ಲ ಹೊಕ್ಕು ನಿಲ್ಲುತ್ತದೆ. ಇಂಗಾಲವು ಬಿಸಿಲಿಗೆ ಬಣ್ಣಗೆಡುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಇವು ಯಾವುವೂ ಅಜ್ಜಿಗೆ ಸೂತ್ರರೂಪದಲ್ಲಿ ಗೊತ್ತಿರಲಿಲ್ಲ. ಉಸಿರಿಗೆ ಹಾರುವಷ್ಟು ನವಿರಾದುದು, ಒರೆಸಿದರೂ ಹೋಗದಷ್ಟು ಹಟದ್ದು ಎಂಬೆರಡು ಗುಣಗಳನ್ನು ಮಾತ್ರ ಅವಳ ಕೈ ಬಲ್ಲದಾಗಿತ್ತು.

ಆದರೆ ಸ್ವಾರಸ್ಯವಿರುವುದು ಕೇವಲ ಸಣ್ಣದಾಗುವುದರಲ್ಲಲ್ಲ. ಸಣ್ಣದಾಗುತ್ತ ಹೋದಂತೆ ಒಂದು ಘಟ್ಟದಲ್ಲಿ ವಸ್ತು ತನ್ನ ಬಣ್ಣವನ್ನೇ ಬದಲಾಯಿಸಿಬಿಡುತ್ತದೆ. ಚಿನ್ನ ಹಳದಿಯೆಂದು ನಾವು ನಂಬಿದ್ದೇವೆ; ಹೊಂಬಣ್ಣವೆಂಬ ಶಬ್ದವನ್ನೇ ಮಾಡಿಕೊಂಡಿದ್ದೇವೆ. ಅದೇ ಚಿನ್ನವನ್ನು ಇಪ್ಪತ್ತು ನ್ಯಾನೊಮೀಟರಿನಷ್ಟು ಸಣ್ಣ ಕಣಗಳಾಗಿ ನೀರಿನಲ್ಲಿ ತೇಲಿಸಿದರೆ ನೀರು ಮಾಣಿಕ್ಯದ ಕೆಂಪಾಗುತ್ತದೆ. ಇದಕ್ಕೆ ಮಿತ್ರರು ಕೊಟ್ಟ ವಿವರಣೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಜೋಕಾಲಿಗೆ ತಕ್ಕ ಹೊತ್ತಿನಲ್ಲಿ ತಳ್ಳು ಕೊಟ್ಟರೆ ಅದು ತೂಗುತ್ತದೆ, ಹೊತ್ತು ತಪ್ಪಿದರೆ ತೂಗದು. ಅಷ್ಟು ಸಣ್ಣ ಚಿನ್ನದ ಕಣದೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ಜೋಕಾಲಿಯಂತೆ ತೂಗುತ್ತವೆ. ಅವುಗಳ ತೂಗಿಗೆ ಹೊಂದುವುದು ಬೆಳಕಿನಲ್ಲಿರುವ ಹಸಿರಿನ ಅಂಶ. ಆ ಹಸಿರನ್ನು ಕಣಗಳು ಹೀರಿಕೊಂಡುಬಿಡುತ್ತವೆ. ಉಳಿದು ನಮ್ಮ ಕಣ್ಣಿಗೆ ಬರುವುದು ಕೆಂಪು. ಕಣದ ಗಾತ್ರ, ಆಕಾರ ಬದಲಾದರೆ ತೂಗು ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ.

ಈ ಗುಟ್ಟನ್ನು ಶಾಸ್ತ್ರ ಬಿಡಿಸುವ ಎಷ್ಟೋ ಮೊದಲೇ ಕುಶಲಿಗಳ ಕೈ ಅದನ್ನು ಬಳಸಿದ್ದಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಲೈಕರ್ಗಸ್ ಬಟ್ಟಲೆಂಬ ಗಾಜಿನ ಪಾತ್ರೆಯೊಂದಿದೆ. 4ನೆಯ ಶತಮಾನದ ರೋಮನ್ ಕೆಲಸ. 1958ರಲ್ಲಿ ಮ್ಯೂಸಿಯಂ ಅದನ್ನು ಕೊಂಡುಕೊಂಡಿತು. ಹೊರಗಿನಿಂದ ಬೆಳಕು ಬಿದ್ದಾಗ ಆ ಬಟ್ಟಲು ಪಚ್ಚೆಯಂತೆ ಮಬ್ಬು ಹಸಿರು. ಒಳಗೆ ದೀಪವಿಟ್ಟರೆ ಕಡುಗೆಂಪು. ಅದರ ಮೈಮೇಲೆ ಕೊರೆದಿರುವುದು ಮದ್ಯದ ದೇವತೆ ಡಯೊನೈಸಸ್ಸನನ್ನು ಕೆಣಕಿದ ಥ್ರೇಸಿನ ದೊರೆ ಲೈಕರ್ಗಸ್ಸನ ಕಥೆ. ದ್ರಾಕ್ಷಿಯ ಬಳ್ಳಿ ಅವನನ್ನು ಸುತ್ತಿ ಬಿಗಿಯುತ್ತಿದೆ. ಬೆಳಕು ಒಳಹೊಕ್ಕಾಗ ಹಸಿರು ಬಳ್ಳಿಯ ಬಟ್ಟಲು ದ್ರಾಕ್ಷಾರಸದ ಬಣ್ಣಕ್ಕೆ ತಿರುಗುವುದನ್ನು ಎಣಿಸಿಕೊಂಡರೆ ಆ ಕಥೆಗೆ ಆ ಗಾಜು ಎಷ್ಟು ಒಪ್ಪುತ್ತದೆಂಬುದು ತಿಳಿಯುತ್ತದೆ. ಗಾಜಿನ ಚೂರೊಂದನ್ನು ಪರೀಕ್ಷಿಸಿದಾಗ ಅದರಲ್ಲಿ ಬೆಳ್ಳಿ ಮತ್ತು ಚಿನ್ನಗಳ ಮಿಶ್ರಣದ ಕಣಗಳು ಕಂಡವು: ಗಾತ್ರ 50ರಿಂದ 100 ನ್ಯಾನೊಮೀಟರ್. ಪ್ರಮಾಣವೋ, ಹತ್ತು ಲಕ್ಷ ಪಾಲು ಗಾಜಿಗೆ ಸುಮಾರು 300 ಪಾಲು ಬೆಳ್ಳಿ, 40 ಪಾಲು ಚಿನ್ನ. ಒಗ್ಗರಣೆಗೆ ಚಿಟಿಕೆ ಇಂಗು ಎನ್ನುತ್ತೇವಲ್ಲ, ಇದು ಅದಕ್ಕಿಂತಲೂ ಅಲ್ಪ. ಆ ಗಾಜುಗಾರ ಕಣವನ್ನು ಕಂಡಿರಲಾರ. ಅವನು ಕಂಡದ್ದು ಬಣ್ಣವನ್ನು.

ಇರಾಕಿನ ಕುಂಬಾರರು 9ನೆಯ ಶತಮಾನದಲ್ಲಿ ಮಣ್ಣಿನ ಪಾತ್ರೆಗೆ ಚಿನ್ನದ ಮೆರುಗು ಕೊಟ್ಟದ್ದೂ ಬೆಳ್ಳಿ ತಾಮ್ರಗಳ ನ್ಯಾನೊ ಕಣಗಳಿಂದಲೇ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಯೋಹಾನ್ ಕುಂಕೆಲ್ ಚಿನ್ನ ಬೆರೆಸಿ ಕೆಂಪು ಗಾಜು ತಯಾರಿಸಿದ. ಕೊನೆಗೆ 1857ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಚಿನ್ನಕ್ಕೂ ಬೆಳಕಿಗೂ ಇರುವ ಸಂಬಂಧವನ್ನು ಕುರಿತು ಉಪನ್ಯಾಸ ಕೊಟ್ಟು, ಈ ಕೆಂಪಿಗೆ ಚಿನ್ನದ ಅತಿ ಸೂಕ್ಷ್ಮ ಕಣಗಳೇ ಕಾರಣವೆಂದು ಹೇಳಿದ. ಅವನು ತಯಾರಿಸಿದ ಕೆಂಪು ದ್ರವದ ಸೀಸೆಗಳು ಇಂದಿಗೂ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಳಿದಿವೆ. ಕಲೆ ಮುಂದೆ ಹೋಗಿ, ಶಾಸ್ತ್ರ ಸಾವಿರದೈನೂರು ವರ್ಷ ತಡವಾಗಿ ಅದರ ಹೆಜ್ಜೆಯ ಗುರುತನ್ನು ಹಿಡಿದ ಪ್ರಸಂಗವಿದು.

ಉಕ್ಕಿನ ಕಂಠ

ಗರಿಯ ಮೇಲೆ ಕೊರೆಯುವ, ಕಂಠವೆಂದು ಕರೆಯುವ ಮೊನಚು ಲೇಖನಿ ಉಕ್ಕಿನದು. ಈ ‘ಉಕ್ಕು’ ಎಂಬ ನಮ್ಮ ಮಾತೇ ಬಾಯಿಂದ ಬಾಯಿಗೆ ಸಾಗಿ ಇಂಗ್ಲಿಷಿನಲ್ಲಿ ‘ವುಟ್ಜ್’ ಆಯಿತೆಂದು ಹಲವು ವಿದ್ವಾಂಸರ ಮತ. ದಕ್ಷಿಣ ಭಾರತದ ಮೂಸೆಯ ಉಕ್ಕಿಗೆ ಆ ಹೆಸರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳನ್ನು ವಿವರವಾಗಿ ಬಣ್ಣಿಸಿದ್ದಾನೆ. ಇಂಥ ಉಕ್ಕು ಪಶ್ಚಿಮ ಏಷ್ಯಕ್ಕೆ ಹೋಗಿ, ಡಮಾಸ್ಕಸ್ ಕತ್ತಿಗಳೆಂದು ಹೆಸರಾದ ಖಡ್ಗಗಳಾಗುತ್ತಿತ್ತು. ಹರಿವ ನೀರಿನ ಮೇಲಣ ತೆರೆಗಳಂತೆ ಅಲಗಿನ ಮೈಮೇಲೆ ಕಾಣುವ ಚಿತ್ತಾರ ಆ ಕತ್ತಿಗಳ ಸೌಂದರ್ಯ.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪಾಫ್ಲರ್ ಮತ್ತು ಸಂಗಡಿಗರು 17ನೆಯ ಶತಮಾನದ ಅಂಥದೊಂದು ಕತ್ತಿಯ ತುಣುಕನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೊ ಕೊಳವೆಗಳನ್ನು ಕಂಡುದಾಗಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಗಾಲದ ಪರಮಾಣುಗಳು ಬಲೆಯಂತೆ ಹೆಣೆದುಕೊಂಡು ಸುರುಳಿಯಾಗಿ ಆದ ಕೊಳವೆಗಳಿವು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಬರೆದ ಲೇಖನದಿಂದ ಜಗತ್ತಿನ ಗಮನಕ್ಕೆ ಬಂದವು. ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರೂ ಅವರ ಶಿಷ್ಯರೂ ಈ ಕ್ಷೇತ್ರದಲ್ಲಿ ಬಹಳ ದುಡಿದಿದ್ದಾರೆ. ಕುಲುಮೆಯ ಕಮ್ಮಾರನಿಗೆ ಈ ಹೆಸರು ತಿಳಿಯದು. ಬೆಂಕಿಯ ಬಣ್ಣ ನೋಡಿ, ಸುತ್ತಿಗೆಯ ಸದ್ದು ಕೇಳಿ ಅವನು ಕೆಲಸ ಮಾಡಿದ. ಆ ಅರಿವನ್ನು ಯಾರೂ ಬರೆದಿಡಲಿಲ್ಲವಾದುದರಿಂದ ಕುಲುಮೆಗಳು ಆರಿದಾಗ ಅದೂ ಆರಿತು.

ಪರಮಾಣುವಿನ ಕವಿಸಮಯ

ಈವರೆಗೆ ಹೇಳಿದುದು ಕಾಣದೆ ಮಾಡಿದ ಕೆಲಸದ ಮಾತಾಯಿತು. ಕಂಡು ಮಾಡುವ ಕಾಲ ಇತ್ತೀಚಿನದು. 1959ರ ಡಿಸೆಂಬರ್ 29ರಂದು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್ಮನ್ ಒಂದು ಉಪನ್ಯಾಸದಲ್ಲಿ, ಬ್ರಿಟಾನಿಕ ವಿಶ್ವಕೋಶವನ್ನೆಲ್ಲ ಗುಂಡುಸೂಜಿಯ ತಲೆಯ ಮೇಲೆ ಏಕೆ ಬರೆಯಬಾರದೆಂದು ಕೇಳಿ, ಪುಸ್ತಕದ ಪುಟವೊಂದನ್ನು 25,000 ಪಟ್ಟು ಕಿರಿದಾಗಿಸಿ ಬರೆದವರಿಗೆ ಸಾವಿರ ಡಾಲರಿನ ಬಹುಮಾನ ಸಾರಿದ. 1985ರಲ್ಲಿ ಟಾಮ್ ನ್ಯೂಮನ್ ಎಂಬ ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ಡಿಕನ್ಸನ ‘ಎ ಟೇಲ್ ಆಫ್ ಟೂ ಸಿಟೀಸ್’ ಕಾದಂಬರಿಯ ಮೊದಲ ಪುಟವನ್ನು ಎಲೆಕ್ಟ್ರಾನ್ ಕಿರಣದಿಂದ ಹಾಗೆ ಬರೆದು ಬಹುಮಾನ ಗೆದ್ದ. ಬರೆದಾದ ಮೇಲೆ ಆ ಪುಟ ಎಲ್ಲಿದೆಯೆಂದು ಹುಡುಕುವುದೇ ಕಷ್ಟವಾಯಿತಂತೆ. ನನ್ನಂಥ ಸಾಹಿತ್ಯದ ಮೇಷ್ಟರಿಗೆ ಈ ಕಥೆಯಲ್ಲಿ ನಗು ಬರುವುದು ಅಲ್ಲಿಯೇ. ಬರೆದುದನ್ನು ಓದುವವರಿಲ್ಲದೆ ಹೋದರೆ ಬರೆದವನ ಪಾಡೇನು?

1981ರಲ್ಲಿ ಜೂರಿಕ್ಕಿನಲ್ಲಿ ಬಿನ್ನಿಗ್ ಮತ್ತು ರೋರರ್ ಎಂಬಿಬ್ಬರು ಹೊಸ ಬಗೆಯ ಸೂಕ್ಷ್ಮದರ್ಶಕವೊಂದನ್ನು ಮಾಡಿದರು. ಇದು ಬೆಳಕಿನಿಂದ ನೋಡುವುದಿಲ್ಲ. ಅತಿ ಮೊನಚಾದ ಸೂಜಿಯೊಂದನ್ನು ವಸ್ತುವಿನ ಮೈಗೆ ತಾಗಿತೋ ಇಲ್ಲವೋ ಎಂಬಂತೆ ಆಡಿಸುತ್ತ, ನಡುವೆ ಹರಿಯುವ ವಿದ್ಯುತ್ತಿನ ಏರಿಳಿತದಿಂದ ಪರಮಾಣುಗಳ ಉಬ್ಬುತಗ್ಗನ್ನು ತಿಳಿಯುತ್ತದೆ. ಕಣ್ಣಿಲ್ಲದವರು ಬೆರಳಿನಿಂದ ಓದುವಂತೆ. ಓದುವ ಆ ಮೊನೆಯಿಂದಲೇ ಬರೆಯಲೂ ಸಾಧ್ಯವೆಂದು ಕ್ಯಾಲಿಫೋರ್ನಿಯದ ಡಾನ್ ಐಗ್ಲರ್ 1989ರಲ್ಲಿ ತೋರಿಸಿದ. ನಿಕ್ಕಲ್ ತಗಡಿನ ಮೇಲೆ 35 ಜೀನಾನ್ ಪರಮಾಣುಗಳನ್ನು ಒಂದೊಂದಾಗಿ ತಳ್ಳಿ ತನ್ನ ಸಂಸ್ಥೆಯಾದ ಐಬಿಎಂನ ಮೂರು ಅಕ್ಷರಗಳನ್ನು ಬರೆದ. 2013ರಲ್ಲಿ ಅದೇ ಪ್ರಯೋಗಾಲಯದವರು ಅಣುಗಳನ್ನು ತಾಮ್ರದ ಮೇಲೆ ಜೋಡಿಸಿ, ಬಾಲಕನೊಬ್ಬ ಪರಮಾಣುವಿನೊಡನೆ ಚೆಂಡಾಡುವ ಒಂದು ಪುಟ್ಟ ಚಲನಚಿತ್ರವನ್ನೇ ಮಾಡಿದರು. ಅದಕ್ಕೆ 242 ಚಿತ್ರಗಳು ಬೇಕಾದವು.

ಈ ಚಿತ್ರಗಳನ್ನು ನಾನು ಪುಸ್ತಕಗಳಲ್ಲಿ ನೋಡಿದಾಗ ಮೆಚ್ಚಿದುದು ಅವುಗಳ ಬಣ್ಣವನ್ನು. ನೀಲಿಯ ಬಯಲಿನಲ್ಲಿ ಬಂಗಾರದ ಗೋಪುರಗಳು, ಕೆಂಪು ಅಲೆಗಳು. ಮಿತ್ರರು ಆಗ ಒಂದು ಸಂಗತಿ ಹೇಳಿದರು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಪರಮಾಣು ಅದರ ಸಾವಿರದಲ್ಲೊಂದು ಪಾಲೂ ಇಲ್ಲ. ನಾವು ತಿಳಿದಿರುವ ಅರ್ಥದ ಬಣ್ಣ ಅಲ್ಲಿ ಇರಲಾರದು. ಯಂತ್ರ ಕೊಡುವುದು ಎತ್ತರದ ಅಂಕಿಗಳನ್ನಷ್ಟೆ. ಬಣ್ಣವನ್ನು ಹಚ್ಚುವವನು ಮನುಷ್ಯ. “ಹಾಗಾದರೆ ಇದು ಸುಳ್ಳಲ್ಲವೆ?” ಎಂದೆ. “ನೀವೇ ಹೇಳಬೇಕು” ಎಂದರು.

ನಾನು ಯೋಚಿಸಿದೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಕವಿಸಮಯವೆಂಬುದಿದೆ. ಕೀರ್ತಿಯನ್ನು ಕಂಡವರಿಲ್ಲ, ಆದರೂ ಕವಿಗಳೆಲ್ಲ ಅದನ್ನು ಬೆಳ್ಳಗೆಂದು ಒಪ್ಪಿ ವರ್ಣಿಸಿದರು, ಅಪಕೀರ್ತಿಯನ್ನು ಕಪ್ಪೆಂದರು. ಓದುವವನೂ ಒಪ್ಪಂದ ತಿಳಿದಿರುವುದರಿಂದ ಯಾರಿಗೂ ಮೋಸವಾಗುವುದಿಲ್ಲ; ಕಾಣದ ವಸ್ತು ಮನಸ್ಸಿಗೆ ಕಾಣುತ್ತದೆ. ಪರಮಾಣುವಿಗೆ ಹಚ್ಚಿದ ಬಂಗಾರವೂ ಅಂಥ ಸಮಯವೇ. ಅದು ಒಪ್ಪಂದವೆಂದು ಓದುಗನಿಗೆ ತಿಳಿಸಿದರೆ ಕಲೆ. ತಿಳಿಸದೆ ಬಿಟ್ಟರೆ ವಂಚನೆಯ ಸಮೀಪ. ಇಂಥ ಚಿತ್ರಗಳ ಅಡಿಯಲ್ಲಿ ‘ಬಣ್ಣ ಕಲ್ಪಿತ’ ಎಂಬ ಎರಡು ಮಾತು ಇರಬೇಕೆಂದು ನನಗೆ ತೋರುವುದು ಅದಕ್ಕಾಗಿ.

ಕಪ್ಪು ಯಾರ ಸ್ವತ್ತು?

ಈಗ ಮತ್ತೆ ಕಪ್ಪಿಗೆ ಬರೋಣ. 2014ರಲ್ಲಿ ಇಂಗ್ಲೆಂಡಿನ ಸರ್ರೆ ನ್ಯಾನೊಸಿಸ್ಟಮ್ಸ್ ಎಂಬ ಸಂಸ್ಥೆ ‘ವ್ಯಾಂಟಾಬ್ಲ್ಯಾಕ್’ ಎಂಬ ಹೊಸ ಕಪ್ಪನ್ನು ಹೊರತಂದಿತು. ಇದು ಇಂಗಾಲದ ನ್ಯಾನೊ ಕೊಳವೆಗಳನ್ನು ಒತ್ತೊತ್ತಾಗಿ ನೆಟ್ಟಗೆ ಬೆಳೆಸಿದ ಒಂದು ವನ. ದಟ್ಟವಾದ ಬಿದಿರ ಮೆಳೆಯೊಳಗೆ ಬಿಸಿಲು ಹೊಕ್ಕು ಗಳದಿಂದ ಗಳಕ್ಕೆ ತಾಗಿ ತಾಗಿ ನೆಲ ಮುಟ್ಟುವ ಮುನ್ನವೇ ಕರಗಿಹೋಗುವಂತೆ, ಇದರೊಳಗೆ ಬಿದ್ದ ಬೆಳಕು ಹಿಂತಿರುಗುವುದಿಲ್ಲ. ನೂರಕ್ಕೆ 99.965 ಪಾಲು ಅಲ್ಲೇ ಅಡಗುತ್ತದೆ. ಇದನ್ನು ಬಳಿದ ವಸ್ತುವಿನ ಉಬ್ಬು, ತಗ್ಗು, ಮಡಿಕೆ ಯಾವುದೂ ತೋರದೆ, ಎದುರಿಗೊಂದು ಬಿಲ ತೆರೆದಂತಾಗುತ್ತದೆ. ದೂರದರ್ಶಕಗಳೊಳಗೆ ಅನಗತ್ಯ ಬೆಳಕನ್ನು ತಡೆಯುವಂಥ ಕೆಲಸಗಳಿಗೆ ಉದ್ದೇಶಿಸಿದ್ದ ಈ ವಸ್ತುವಿನ ಮೇಲೆ ಕಲಾವಿದರ ಕಣ್ಣು ಬಿದ್ದುದು ಸಹಜವೇ.

2016ರಲ್ಲಿ, ಮುಂಬಯಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಪ್ರಸಿದ್ಧ ಶಿಲ್ಪಿ ಅನೀಶ್ ಕಪೂರ್ ಕಲೆಯಲ್ಲಿ ಇದನ್ನು ಬಳಸುವ ಹಕ್ಕು ತನ್ನೊಬ್ಬನಿಗೇ ಇರುವಂತೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡ. ಕಲಾಲೋಕದಲ್ಲಿ ಗದ್ದಲವೆದ್ದಿತು. ಸ್ಟುವರ್ಟ್ ಸೆಂಪಲ್ ಎಂಬ ಇಂಗ್ಲಿಷ್ ಕಲಾವಿದ ಅತ್ಯಂತ ಕಣ್ಣು ಕೋರೈಸುವ ಗುಲಾಬಿ ಬಣ್ಣವೊಂದನ್ನು ತಯಾರಿಸಿ, ಕಪೂರ್ ಒಬ್ಬನನ್ನು ಬಿಟ್ಟು ಮಿಕ್ಕೆಲ್ಲರಿಗೂ ಮಾರುವುದಾಗಿ ಸಾರಿದ. ಅದೇ ವರ್ಷದ ಕೊನೆಗೆ ಕಪೂರ್ ಆ ಗುಲಾಬಿಯಲ್ಲಿ ಅದ್ದಿದ ತನ್ನ ನಡುಬೆರಳಿನ ಚಿತ್ರ ಪ್ರಕಟಿಸಿದುದೂ ಆಯಿತು. ಹಿರಿಯರ ಜಗಳ ಮಕ್ಕಳ ಓಕುಳಿಯಾಟದಂತೆ ಮುಗಿದುದನ್ನು ನೋಡಿ ನಕ್ಕುಬಿಡಬಹುದು. ಆದರೆ ಒಳಗಿನ ಪ್ರಶ್ನೆ ನಗೆಯದಲ್ಲ.

ಕಪೂರನ ಪಕ್ಷದಲ್ಲೂ ಹೇಳಬಹುದಾದುದು ಉಂಟು. ಈ ಕಪ್ಪು ಅಂಗಡಿಯಲ್ಲಿ ಸಿಕ್ಕುವ ಬಣ್ಣದ ಟ್ಯೂಬಲ್ಲ. ಹೆಚ್ಚಿನ ಶಾಖದ ಯಂತ್ರಗಳಲ್ಲಿ, ನುರಿತವರ ಕೈಯಲ್ಲಿ ತಯಾರಾಗತಕ್ಕದ್ದು. ಇದರಿಂದ ಕಲಾಕೃತಿ ರೂಪಿಸಲು ವರ್ಷಗಳ ಶ್ರಮ ಬೇಕು. 2022ರಲ್ಲಿ ವೆನಿಸ್ಸಿನಲ್ಲಿ ಅವನ ಇಂಥ ಕೃತಿಗಳು ಪ್ರದರ್ಶನಗೊಂಡವು. ಬಣ್ಣ ಎಲ್ಲರಿಗೂ ಎಟುಕದಿರುವುದು ಹೊಸತೂ ಅಲ್ಲ. ಆಫ್ಘಾನಿಸ್ತಾನದ ಬದಕ್‌ಶಾನಿನ ಗಣಿಯಿಂದ ಬರುತ್ತಿದ್ದ ನೀಲಿಯ ಕಲ್ಲನ್ನು ಅರೆದು ಮಾಡುವ ಬಣ್ಣ ಯುರೋಪಿನ ಚಿತ್ರಗಾರರಿಗೆ ಬಹಳ ದುಬಾರಿಯಾಗಿತ್ತು. ಆದರೆ ದುಬಾರಿ ಬೇರೆ, ನಿಷೇಧ ಬೇರೆ. ಹಣ ಕೂಡಿಸಿದವನು ನೀಲಿಯನ್ನು ಕೊಳ್ಳಬಹುದಾಗಿತ್ತು. ಇಲ್ಲಿ ಹಣವಿದ್ದರೂ ಬಾಗಿಲು ಮುಚ್ಚಿದೆ.

ಇದನ್ನು ನಮ್ಮ ಸಾಹಿತ್ಯಕ್ಕೆ ಹೋಲಿಸಿ ನೋಡಿದೆ. ಭಾಮಿನಿ ಷಟ್ಪದಿಯನ್ನು ಯಾರೋ ಒಬ್ಬ ದೊರೆ ಕುಮಾರವ್ಯಾಸನೊಬ್ಬನಿಗೇ ಬರೆದುಕೊಟ್ಟಿದ್ದರೆ ತೊರವೆ ರಾಮಾಯಣ ಹುಟ್ಟುತ್ತಿರಲಿಲ್ಲ. ಅವನು ಬಿಟ್ಟ ಪರ್ವಗಳನ್ನು ತಿಮ್ಮಣ್ಣ ಕವಿ ಅದೇ ಛಂದಸ್ಸಿನಲ್ಲಿ ಮುಗಿಸುವುದೂ ಆಗುತ್ತಿರಲಿಲ್ಲ. ಕುಮಾರವ್ಯಾಸನ ಹಿರಿಮೆ ಇದರಿಂದ ಹೆಚ್ಚುತ್ತಿತ್ತೆ? ಇಲ್ಲ. ಅದೇ ಷಟ್ಪದಿಯಲ್ಲಿ ನೂರಾರು ಮಂದಿ ಬರೆದ ಮೇಲೂ ಅವನು ಅವನೇ ಆಗಿ ನಿಂತುದರಿಂದ ತಾನೆ ನಾವು ಅವನ ಹಿರಿಮೆಯನ್ನು ಅರಿತದ್ದು! ಸಾಮಗ್ರಿ ಸರ್ವರದಾಗಿದ್ದಾಗ ಕಲಾವಿದನ ಅಳತೆ ತಿಳಿಯುತ್ತದೆ. ಸಾಮಗ್ರಿಯೇ ಒಬ್ಬನದಾದರೆ, ನೋಡುವವನು ಬೆರಗಾದುದು ಕಲೆಗೋ ವಸ್ತುವಿಗೋ ಎಂಬ ಸಂಶಯ ಆ ಕಲಾವಿದನನ್ನೇ ಬೆನ್ನಟ್ಟುತ್ತದೆ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. 2019ರಲ್ಲಿ ಅಮೆರಿಕದ ಎಂಐಟಿಯ ಬ್ರಯನ್ ವಾರ್ಡಲ್ ಮತ್ತು ಕೆಹಾಂಗ್ ಸುಯಿ ನೂರಕ್ಕೆ 99.995 ಪಾಲು ಬೆಳಕನ್ನು ಹೀರುವ, ನ್ಯಾನೊ ಕೊಳವೆಗಳದೇ ಆದ ಇನ್ನೂ ಕಡುಗಪ್ಪನ್ನು ಮಾಡಿದರು. ಡೀಮುಟ್ ಸ್ಟ್ರೇಬೆ ಎಂಬ ಕಲಾವಿದೆ ಅವರೊಡನೆ ಸೇರಿ 16.78 ಕ್ಯಾರಟ್ಟಿನ ಹಳದಿ ವಜ್ರವೊಂದಕ್ಕೆ ಆ ಕಪ್ಪನ್ನು ಲೇಪಿಸಿದಳು. ಲಕ್ಷಾಂತರ ಡಾಲರು ಬೆಲೆಯ ವಜ್ರ ಹೊಳಪೆಲ್ಲ ಅಡಗಿ ಬರಿಯ ಶೂನ್ಯವಾಯಿತು. ವಜ್ರವೂ ಇಂಗಾಲ, ಅದನ್ನು ಮುಚ್ಚಿದ ಕಪ್ಪೂ ಇಂಗಾಲ. ಒಂದೇ ಧಾತು ಬೆಳಕನ್ನು ಚಿಮ್ಮಿಸಲೂ ಬಲ್ಲದು, ನುಂಗಲೂ ಬಲ್ಲದು. ವ್ಯಾಪಾರದ ಉದ್ದೇಶವಿಲ್ಲದ ಕೃತಿಗಳಿಗೆ ಯಾವ ಕಲಾವಿದನಾದರೂ ಈ ಕಪ್ಪನ್ನು ಬಳಸಬಹುದೆಂದು ಆ ವಿಜ್ಞಾನಿಗಳು ತಿಳಿಸಿದರು. ಅದನ್ನು ಓದಿದಾಗ, ನೆರೆಮನೆಯವರು ಕೇಳಿ ಬಂದರೆ ಬಾಳೆಲೆಯ ಚೂರಿನಲ್ಲಿ ಕಾಡಿಗೆ ಹಾಕಿಕೊಡುತ್ತಿದ್ದ ಅಜ್ಜಿಯ ಕೈ ನನಗೆ ನೆನಪಾಯಿತು.

ಸುಣ್ಣಕ್ಕೆ ಸುಣ್ಣ

ಹೊಸ ಕಲೆಯ ಮಾತು ಇಷ್ಟಾದರೆ, ಹಳೆಯ ಕಲೆಗೆ ಈ ಶಾಸ್ತ್ರ ಮಾಡುತ್ತಿರುವ ಸೇವೆ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದುದು. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರಕ್ಕೆ ಆರ್ನೊ ನದಿಯ ಪ್ರವಾಹ ನುಗ್ಗಿ ಅಲ್ಲಿನ ಗ್ರಂಥಗಳಿಗೂ ಭಿತ್ತಿಚಿತ್ರಗಳಿಗೂ ಅಪಾರ ಹಾನಿಯಾಯಿತು. ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರಗಳು ಪುಡಿಪುಡಿಯಾಗಿ ಉದುರುವಂತಿದ್ದವು. ಭಿತ್ತಿಚಿತ್ರಗಳನ್ನು ಉಳಿಸಲು ಆ ದಶಕಗಳಲ್ಲಿ ಹಲವೆಡೆ ಅಂಟಿನಂಥ ಕೃತಕ ಪಾಲಿಮರುಗಳನ್ನು ಬಳಿದರು. ಮೊದಲಿಗೆ ಚಿತ್ರ ಚೆನ್ನಾಗಿಯೇ ಕಂಡಿತು. ವರ್ಷಗಳು ಕಳೆದ ಮೇಲೆ ಆ ಪೊರೆ ಗೋಡೆಯ ಉಸಿರು ಕಟ್ಟಿಸಿ, ಒಳಗಿನ ಲವಣ ಹರಳುಗಟ್ಟಿ, ಚಿತ್ರ ಚಕ್ಕೆಯೇಳತೊಡಗಿತು. ಒಳ್ಳೆಯದನ್ನು ಮಾಡಹೊರಟ ಕೈಯಿಂದಲೇ ಕೇಡಾದ ಈ ವೃತ್ತಾಂತವನ್ನು ಓದುವಾಗ ನನ್ನ ಶಾಯಿಯ ಸೀಸೆ ಕಣ್ಮುಂದೆ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಫ್ಲಾರೆನ್ಸ್ ವಿಶ್ವವಿದ್ಯಾನಿಲಯದ ಪಿಯೆರೊ ಬಾಲ್ಯೋನಿ ಮತ್ತು ಸಂಗಡಿಗರು ಇದಕ್ಕೆ ಕಂಡ ಉಪಾಯ, ಸುಣ್ಣಕ್ಕೆ ಸುಣ್ಣವನ್ನೇ ಕೊಡುವುದು. ಸಾಮಾನ್ಯ ಸುಣ್ಣದ ಕಣ ದೊಡ್ಡದು. ಗೋಡೆಯ ರಂಧ್ರದೊಳಗೆ ಇಳಿಯದೆ ಮೇಲೆಯೇ ಬಿಳಿಯ ತೆರೆಯಾಗಿ ನಿಂತುಬಿಡುತ್ತದೆ. ನ್ಯಾನೊ ಗಾತ್ರದ ಸುಣ್ಣವನ್ನು ಮದ್ಯಸಾರದಲ್ಲಿ ತೇಲಿಸಿ ಸವರಿದರೆ ಒಳಗಿಳಿದು, ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ, ಮೂಲ ಗಾರೆಯಂಥ ಕಲ್ಲೇ ಆಗಿ ಚಿತ್ರವನ್ನು ಹಿಡಿದುಕೊಳ್ಳುತ್ತದೆ. ಮೆಕ್ಸಿಕೋದ ಕಾಲಕ್‌ಮುಲ್ ಎಂಬಲ್ಲಿನ ಮಾಯಾ ಜನಾಂಗದ ಭಿತ್ತಿಚಿತ್ರಗಳಿಗೂ ಈ ವಿಧಾನ ಬಳಕೆಯಾಗಿದೆ. ಹೊಸ ಶಾಸ್ತ್ರ ಇಲ್ಲಿ ಹಳೆಯ ವಸ್ತುವನ್ನೇ ಹಿಡಿದಿದೆ, ಅದನ್ನು ಒಳಹೋಗುವಷ್ಟು ಸಣ್ಣದಾಗಿ ಮಾಡಿದೆ, ಅಷ್ಟೆ.

ಮೂರು ಗರಿಗಳು

ಅಜ್ಜಿ ತೀರಿಕೊಂಡು ಹಲವು ವರ್ಷಗಳಾದವು. ವಿರಾಟಪರ್ವದ ಕಟ್ಟು ಈಗ ನನ್ನಲ್ಲಿದೆ. ಕೆಲವು ವರ್ಷಗಳ ಹಿಂದೆ ಹಸ್ತಪ್ರತಿ ರಕ್ಷಣೆಯಲ್ಲಿ ಪಳಗಿದ ಹಿರಿಯರೊಬ್ಬರ ಬಳಿಗೆ ಅದನ್ನು ಕೊಂಡೊಯ್ದೆ. ಅವರು ಗರಿಗಳನ್ನು ಮೃದುವಾದ ಕುಂಚದಿಂದ ಶುದ್ಧಮಾಡಿ, ಸಿಟ್ರೊನೆಲ್ಲ ಎಣ್ಣೆಯಲ್ಲಿ ಕಾಡಿಗೆ ಕಲಸಿ ಸವರಿ ಒರೆಸಿದರು. ಮುತ್ತಜ್ಜನ ದುಂಡು ಅಕ್ಷರಗಳು ಒಂದೊಂದು ಸಾಲಾಗಿ ಮೇಲೆದ್ದು ಬಂದವು. ನಾನು ಕೆಡಿಸಿದ ಮೂರು ಗರಿಗಳನ್ನು ಅವರು ಬಹಳ ಹೊತ್ತು ನೋಡಿ, “ಇವನ್ನು ಹೀಗೆಯೇ ಇಡಿ. ಇನ್ನೇನೂ ಮಾಡಹೋಗಬೇಡಿ” ಎಂದರು. ನಾಳೆ ಯಾವುದಾದರೂ ಸೂಕ್ಷ್ಮವಾದ ಉಪಾಯ ಬಂದು ಗೀರಿನೊಳಗಿನ ಅಕ್ಷರವನ್ನು ಕಲೆಯಿಂದ ಬಿಡಿಸೀತೆಂಬ ಆಸೆ ನನಗಿದೆ. ಬಾರದಿದ್ದರೆ ಆ ಕಲೆ ನನ್ನ ಹೆಸರಿನಲ್ಲಿ ಇರುತ್ತದೆ.

ವಿಚಾರಸಂಕಿರಣ ಮುಂದಿನ ತಿಂಗಳಿದೆ. ಕಲೆಯ ಪಾಲು ನನ್ನದೆಂದು ಮಿತ್ರರಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಲಂಡನ್ನಿನ ಬಟ್ಟಲನ್ನು, ಕಪ್ಪು ಬಳಿದ ವಜ್ರವನ್ನು ಪರದೆಯ ಮೇಲೆ ತೋರಿಸುವ ಕೆಲಸ ಅವರದು. ನಾನು ಎರಡು ಗರಿಗಳನ್ನು ಕೈಯಲ್ಲಿ ಹಿಡಿದು ತೋರಿಸುತ್ತೇನೆ: ಕಾಡಿಗೆಯಿಂದ ಬೆಳಗಿದುದೊಂದು, ನಾನು ಕೆಡಿಸಿದುದೊಂದು. ಮೊನ್ನೆ ರಾತ್ರಿ ಮಗಳಿಗೆ ತೋರಿಸಲೆಂದು ನಮ್ಮ ಅಡುಗೆಮನೆಯಲ್ಲೂ ಹರಳೆಣ್ಣೆಯ ದೀಪ ಹಚ್ಚಿ ತಟ್ಟೆ ಕವುಚಿದ್ದೆ. ಬೆಳಿಗ್ಗೆ ತಟ್ಟೆಯನ್ನು ಎತ್ತಿ ನೋಡುವಾಗ ಅವಳು ಕುತೂಹಲದಿಂದ ಮುಖವನ್ನು ಹತ್ತಿರ ತಂದಳು. ನನ್ನ ಬಾಯಿಂದ ತಾನಾಗಿ ಅಜ್ಜಿಯ ಮಾತೇ ಬಂದಿತು: “ಊದಬೇಡವೇ ಮಗು, ಹಾರಿಹೋದೀತು.”